ಶ್ವಾಸಕೋಶ ಸೋಂಕು ತಜ್ಞ ವೈದ್ಯರು: ಅರ್ಹತೆ, ಚಿಕಿತ್ಸಾ ಪರಿಣತಿ ಹಾಗೂ ಸಂಶೋಧನೆಯ ಹಿನ್ನೆಲೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ

ಕೆಮ್ಮು ಎರಡು ವಾರಗಳನ್ನು ಮೀರಿ ಮುಂದುವರಿದಾಗ, ಸಂಜೆಯ ವೇಳೆಗೆ ಮೈ ಬಿಸಿಯಾಗತೊಡಗಿದಾಗ, ಕಾರಣವಿಲ್ಲದೆ ತೂಕ ಇಳಿಯತೊಡಗಿದಾಗ ಕುಟುಂಬದವರು ಕೇಳುವ ಮೊದಲ ಪ್ರಶ್ನೆ ತಜ್ಞ ವೈದ್ಯರು ಎಲ್ಲಿ ದೊರೆಯುತ್ತಾರೆ ಎಂಬುದಾಗಿರುತ್ತದೆ. ಪ್ರಶ್ನೆ ಸಹಜವಾದುದೇ. ಆದರೆ ತಜ್ಞರನ್ನು ಅರಸಿ ನೇರವಾಗಿ ಬೆಂಗಳೂರಿಗೆ ತೆರಳಿ, ಅಲ್ಲಿ ಸರದಿಯಲ್ಲಿ ದಿನ ಕಳೆದು, ಕಡೆಗೆ ತಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿಯೇ ನೀಡಬಹುದಾಗಿದ್ದ ಕಫದ ಮಾದರಿಗೆ ಚೀಟಿ ಪಡೆದು ಹಿಂದಿರುಗುವವರು ಉಂಟು. ಇದಕ್ಕೆ ವ್ಯತಿರಿಕ್ತವಾಗಿ, ತಜ್ಞರ ಅಗತ್ಯ ನಿಜವಾಗಿಯೂ ಇರುವವರು ಔಷಧಿ ಅಂಗಡಿಯ ಕೆಮ್ಮಿನ ಸಿರಪ್ಪಿನಲ್ಲಿಯೇ ತಿಂಗಳುಗಳನ್ನು ದೂಡುವುದೂ ಉಂಟು. ಎರಡೂ ಸಂದರ್ಭಗಳಲ್ಲಿ ಕಳೆದುಹೋಗುವುದು ಕಾಲ. ಕ್ಷಯರೋಗದಂತಹ ಸೋಂಕಿನಲ್ಲಿ ಕಾಲವೆಂದರೆ ರೋಗಿಯ ಶ್ವಾಸಕೋಶ ಮಾತ್ರವಲ್ಲ, ಅದೇ ಮನೆಯಲ್ಲಿ ಮಲಗುವ ಮಕ್ಕಳ ಶ್ವಾಸಕೋಶವೂ ಆಗಿರುತ್ತದೆ.

ಶ್ವಾಸಕೋಶ ಸೋಂಕು ತಜ್ಞರೆಂದರೆ ಯಾರು, ಅವರ ಪರಿಣತಿ ಏನು, ಆ ಪರಿಣತಿಯ ಹಿಂದಿರುವ ಸಂಶೋಧನೆ ಎಲ್ಲಿ ನಡೆಯಿತು, ಅವರ ಸೇವೆಯನ್ನು ಯಾವಾಗ ಮತ್ತು ಹೇಗೆ ಪಡೆಯಬಹುದು ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ. ಮೇಲ್ಕಂಡ ನಾಲ್ಕು ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿಯೂ, ತದನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೂ ಇದ್ದು, 2007ರ ಆಗಸ್ಟ್ ತಿಂಗಳಿನಲ್ಲಿ ರಾಮನಗರ ಜಿಲ್ಲೆಯಾಗಿ ಪ್ರತ್ಯೇಕಗೊಂಡವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲಾಗಿದೆ. ಗೊಂದಲಕ್ಕೆ ಅವಕಾಶವಾಗದಂತೆ ಇಲ್ಲಿ ತಾಲ್ಲೂಕುಗಳ ಹೆಸರುಗಳನ್ನೇ ಬಳಸಲಾಗಿದೆ.

ತಜ್ಞರ ಅರ್ಹತೆ

ಶ್ವಾಸಕೋಶದ ಸೋಂಕುಗಳಿಗೆಂದೇ ಪ್ರತ್ಯೇಕ ಪದವಿ ಸಾಮಾನ್ಯವಾಗಿ ಇರುವುದಿಲ್ಲ. ಎಂ.ಬಿ.ಬಿ.ಎಸ್. ಪದವಿಯ ನಾಲ್ಕೂವರೆ ವರ್ಷಗಳ ವ್ಯಾಸಂಗ ಹಾಗೂ ಒಂದು ವರ್ಷದ ಕಡ್ಡಾಯ ತರಬೇತಿಯ ನಂತರ, ಶ್ವಾಸಕೋಶ ವೈದ್ಯಶಾಸ್ತ್ರದಲ್ಲಿ ಮೂರು ವರ್ಷಗಳ ಎಂ.ಡಿ. ಅಥವಾ ಡಿ.ಎನ್.ಬಿ. ಪಡೆದವರೇ ಈ ವಿಭಾಗದ ತಜ್ಞರು. ಹಿಂದೆ ಇದೇ ವಿಷಯವನ್ನು ‘ಕ್ಷಯ ಮತ್ತು ಎದೆರೋಗಗಳು’ ಎಂದು ಕರೆಯಲಾಗುತ್ತಿತ್ತು. ಎರಡು ವರ್ಷಗಳ ಡಿ.ಟಿ.ಸಿ.ಡಿ. ಡಿಪ್ಲೊಮಾ ಪಡೆದ ಅನೇಕ ಹಿರಿಯ ವೈದ್ಯರು ದಶಕಗಳ ಕಾಲ ಈ ಕೆಲಸವನ್ನು ನಿರ್ವಹಿಸಿದ್ದಾರೆ. ಎಂ.ಡಿ. ನಂತರ ಇನ್ನೂ ಮೂರು ವರ್ಷಗಳ ಡಿ.ಎಂ. ವ್ಯಾಸಂಗ ಮಾಡಿದವರು ತೀವ್ರ ನಿಗಾ ಘಟಕ, ಶ್ವಾಸನಾಳದರ್ಶನ ಮುಂತಾದ ಸೂಕ್ಷ್ಮ ಕಾರ್ಯಗಳಲ್ಲಿ ಹೆಚ್ಚಿನ ತರಬೇತಿ ಹೊಂದಿರುತ್ತಾರೆ.

ಎಂ.ಡಿ. ವಿದ್ಯಾರ್ಥಿಯು ಪದವಿ ಪಡೆಯುವ ಮುನ್ನ ಸ್ವತಂತ್ರವಾಗಿ ಒಂದು ವಿಷಯವನ್ನು ಅಧ್ಯಯನ ಮಾಡಿ ಪ್ರಬಂಧ ಸಲ್ಲಿಸತಕ್ಕದ್ದು. ಆದುದರಿಂದ ‘ಸಂಶೋಧನೆಯ ಹಿನ್ನೆಲೆ’ ಎಂಬುದು ದೊಡ್ಡ ಸಂಸ್ಥೆಗಳ ವೈದ್ಯರಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಆದಾಗ್ಯೂ ಫಲಕದ ಮೇಲೆ ಬರೆದ ಪ್ರಬಂಧಗಳ ಸಂಖ್ಯೆಯನ್ನು ನೋಡಿ ವೈದ್ಯರನ್ನು ಆಯ್ಕೆ ಮಾಡುವುದು ನಾಗರಿಕರಿಗೆ ಉಪಯುಕ್ತವಾದ ಕ್ರಮವಲ್ಲ. ಗಮನಿಸಬೇಕಾದುದು ನೋಂದಣಿ ಸಂಖ್ಯೆ. ರಾಜ್ಯದಲ್ಲಿ ಆಧುನಿಕ ವೈದ್ಯಪದ್ಧತಿಯ ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ನಿರ್ವಹಿಸುತ್ತದೆ. ರಾಷ್ಟ್ರಮಟ್ಟದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ 2020ರ ಸೆಪ್ಟೆಂಬರ್ 25ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕಾರ್ಯನಿರ್ವಹಿಸುತ್ತಿದೆ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧಿ ಚೀಟಿಯಲ್ಲಿ, ಪ್ರಮಾಣಪತ್ರದಲ್ಲಿ ಹಾಗೂ ಹಣ ಪಡೆದ ರಸೀದಿಯಲ್ಲಿ ನಮೂದಿಸಬೇಕೆಂಬುದು ವೃತ್ತಿ ನಿಯಮ. ಅದು ಕಾಣದಿದ್ದಲ್ಲಿ ಕೇಳಲು ಸಂಕೋಚಪಡಬೇಕಾಗಿಲ್ಲ.

ಚಿಕಿತ್ಸಾ ಪರಿಣತಿ: ಮೊದಲ ಪ್ರಶ್ನೆ ಕಸುಬಿನ ಕುರಿತಾದದ್ದು

ಅನುಭವಿ ಎದೆರೋಗ ತಜ್ಞರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿಯುವ ಮುನ್ನ ರೋಗಿಯ ಕೆಲಸ ಏನೆಂದು ವಿಚಾರಿಸುತ್ತಾರೆ. ಇದು ಕುಶಲ ಪ್ರಶ್ನೆಯಲ್ಲ, ತಪಾಸಣೆಯ ಭಾಗ. ಈ ನಾಲ್ಕು ತಾಲ್ಲೂಕುಗಳಲ್ಲಂತೂ ಈ ಪ್ರಶ್ನೆಗೆ ಬರುವ ಉತ್ತರಗಳು ಬಹುವಿಧವಾಗಿವೆ.

ರಾಮನಗರದಲ್ಲಿ ರೇಷ್ಮೆ ಗೂಡುಗಳನ್ನು ಕುದಿಸಿ ನೂಲು ತೆಗೆಯುವ ಮನೆಗಳು ಹಾಗೂ ಘಟಕಗಳಿವೆ. ಕುದಿಯುವ ನೀರಿನ ಆವಿ, ಒಲೆಯ ಹೊಗೆ, ಗೂಡಿನ ಹಾಗೂ ಹುಳುವಿನ ಪ್ರೋಟೀನಿನ ಸೂಕ್ಷ್ಮ ಕಣಗಳು ಸೇರಿ ಕೆಲವರಲ್ಲಿ ಅಲರ್ಜಿಯ ಸ್ವರೂಪದ ಉಬ್ಬಸವನ್ನು ಉಂಟುಮಾಡುತ್ತವೆ. ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸಗಾರರಲ್ಲಿ ಕಾಣುವ ಔದ್ಯೋಗಿಕ ಅಸ್ತಮಾ ಕುರಿತು 1980ರ ದಶಕದಲ್ಲಿಯೇ ಬೆಂಗಳೂರಿನ ಸಂಶೋಧಕರು ಅಧ್ಯಯನ ಪ್ರಕಟಿಸಿದ್ದರು. ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ತಯಾರಿಸುವವರು ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು ಕೆತ್ತುವಾಗ ಏಳುವ ನುಣುಪಾದ ಧೂಳನ್ನು ದಿನವಿಡೀ ಉಸಿರಾಡುತ್ತಾರೆ. ಕನಕಪುರದ ಕಡೆಯ ಕಲ್ಲುಗಣಿ ಮತ್ತು ಕಲ್ಲು ಕತ್ತರಿಸುವ ಕೆಲಸದಲ್ಲಿರುವ ಅಪಾಯ ಇನ್ನೂ ಹೆಚ್ಚಿನದು. ಗ್ರಾನೈಟ್ ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಉಳಿದು ಸಿಲಿಕೋಸಿಸ್ ಎಂಬ, ಪೂರ್ಣವಾಗಿ ಗುಣಪಡಿಸಲಾಗದ ಕಾಯಿಲೆಗೆ ಕಾರಣವಾಗುತ್ತದೆ. ಸಿಲಿಕೋಸಿಸ್ ಇರುವವರಿಗೆ ಕ್ಷಯರೋಗ ತಗಲುವ ಸಂಭವವು ಇತರರಿಗಿಂತ ಹಲವು ಪಟ್ಟು ಅಧಿಕ. ಮಾಗಡಿಯ ರಾಗಿ ಕಣದ ಧೂಳು, ಹಳ್ಳಿ ಮನೆಗಳ ಸೌದೆ ಒಲೆಯ ಹೊಗೆ, ಇವುಗಳನ್ನೂ ತಜ್ಞರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬೀಡಿ, ಸಿಗರೇಟಿನ ವಿಷಯವನ್ನು ಮನೆಯವರ ಎದುರು ಹೇಳಲು ಮುಜುಗರವೆನಿಸಿದಲ್ಲಿ ವೈದ್ಯರಿಗೆ ಪ್ರತ್ಯೇಕವಾಗಿ ತಿಳಿಸಬಹುದು. ತಿಳಿಸದೆ ಬಿಡುವುದು ಮಾತ್ರ ಸರಿಯಲ್ಲ.

ಈ ಎಲ್ಲ ಕಸುಬುಗಳಲ್ಲಿಯೂ ಕೆಮ್ಮು ಬರುತ್ತದೆ. ತೊಡಕು ಇರುವುದೇ ಇಲ್ಲಿ. ‘ನಮ್ಮ ಕೆಲಸಕ್ಕೆ ಕೆಮ್ಮು ಇದ್ದದ್ದೇ’ ಎಂದು ರೋಗಿಯೂ, ‘ಧೂಳಿನ ಕೆಮ್ಮು’ ಎಂದು ಚಿಕಿತ್ಸೆ ನೀಡುವವರೂ ಒಪ್ಪಿಕೊಂಡುಬಿಟ್ಟರೆ ಸೋಂಕು ಬೆಳಕಿಗೆ ಬರುವುದೇ ಇಲ್ಲ. ಧೂಳಿನ ಉಬ್ಬಸ ಯಾವುದು, ನ್ಯುಮೋನಿಯಾ ಯಾವುದು, ಕ್ಷಯ ಯಾವುದು, ಹಳೆಯ ಕ್ಷಯದ ಕಲೆಯ ಮೇಲೆ ಬೆಳೆದ ಶಿಲೀಂಧ್ರದ ಸೋಂಕು ಯಾವುದು ಎಂದು ಬೇರ್ಪಡಿಸುವುದರಲ್ಲಿ ತಜ್ಞರ ನಿಜವಾದ ಪರಿಣತಿ ಇದೆ.

ಎಕ್ಸ್-ರೇ ಚಿತ್ರವೊಂದರಿಂದಲೇ ಇದು ತೀರ್ಮಾನವಾಗುತ್ತದೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ವಾಸ್ತವದಲ್ಲಿ ನೆರಳು ನೆರಳೇ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ರಾಜ್ ನಾರಾಯಣ್ ಮತ್ತು ಅವರ ಸಹೋದ್ಯೋಗಿಯು 1962ರಷ್ಟು ಹಿಂದೆಯೇ ಸಾಮೂಹಿಕ ಎಕ್ಸ್-ರೇ ತಪಾಸಣೆಯಲ್ಲಿ ಒಂದೇ ಚಿತ್ರವನ್ನು ಓದಿ ನಿರ್ಣಯಿಸುವುದರ ಮಿತಿಗಳನ್ನು ಕುರಿತು ಬರೆದಿದ್ದರು. ಒಂದೇ ಚಿತ್ರವನ್ನು ಇಬ್ಬರು ನುರಿತ ವೈದ್ಯರು ಎರಡು ಬಗೆಯಾಗಿ ಓದುವ ಸಂಭವವಿರುತ್ತದೆ. ಎಕ್ಸ್-ರೇ ಸಂಶಯವನ್ನು ಹುಟ್ಟಿಸುತ್ತದೆ, ಕಫ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಆದುದರಿಂದ ದುಬಾರಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವರಿಗೂ ತಜ್ಞರು ಕಫದ ಡಬ್ಬಿಯನ್ನು ಕೊಟ್ಟರೆ, ಹಿಂದಕ್ಕೆ ಹೋದಂತಾಯಿತೆಂದು ಭಾವಿಸಬೇಕಾಗಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕ್ಷಯಾಣು ಕಾಣಿಸಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳು ಇರಬೇಕಾಗುತ್ತದೆ. ಜೀನ್‌ಎಕ್ಸ್‌ಪರ್ಟ್ ಹಾಗೂ ನಮ್ಮ ದೇಶದಲ್ಲಿಯೇ ತಯಾರಾದ ಟ್ರೂನ್ಯಾಟ್ ಯಂತ್ರಗಳು ಅದಕ್ಕಿಂತ ಬಹಳ ಕಡಿಮೆ ಸಂಖ್ಯೆಯ ರೋಗಾಣುಗಳನ್ನೂ ಪತ್ತೆ ಹಚ್ಚುತ್ತವೆ. ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ರೋಗಾಣು ಬಗ್ಗುತ್ತದೆಯೇ ಇಲ್ಲವೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ. 2020ರಲ್ಲಿ ಕೋವಿಡ್ ಪರೀಕ್ಷೆಗೆ ಬಳಕೆಯಾದುದು ಇವೇ ಯಂತ್ರಗಳು ಎಂಬುದು ಹಲವರಿಗೆ ನೆನಪಿರಬಹುದು.

ಸಂಶೋಧನೆಯ ಹಿನ್ನೆಲೆ: ಸಮೀಪದ ಹಳ್ಳಿಗಳಿಂದ ದೊರೆತ ತಿಳಿವಳಿಕೆ

ಶ್ವಾಸಕೋಶ ಸೋಂಕಿನ ಕುರಿತು ಇಂದಿನ ತಜ್ಞರು ತಿಳಿದಿರುವುದರಲ್ಲಿ ಗಣನೀಯ ಭಾಗವು ಹಳೆಯ ಬೆಂಗಳೂರು ಜಿಲ್ಲೆ ಹಾಗೂ ಮಾಗಡಿಗೆ ಹೊಂದಿಕೊಂಡಿರುವ ತುಮಕೂರು ಜಿಲ್ಲೆಯ ಗ್ರಾಮಸ್ಥರಿಂದ ಬಂದದ್ದು ಎಂಬ ಸಂಗತಿ ಈ ಭಾಗದ ನಾಗರಿಕರಿಗೆ ಅಷ್ಟಾಗಿ ತಿಳಿದಿಲ್ಲ.

ಅದಕ್ಕೂ ಮುಂಚೆ ಕ್ಷಯವೆಂದರೆ ಸ್ಯಾನಟೋರಿಯಂ. ಮೈಸೂರು ರಾಜಮನೆತನದಲ್ಲಿಯೇ ಕ್ಷಯಕ್ಕೆ ಬಲಿಯಾದವರಿದ್ದರು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ, ಇಂದಿಗೂ ಪಿ.ಕೆ.ಟಿ.ಬಿ. ಎಂದೇ ಜನ ಕರೆಯುವ ಆಸ್ಪತ್ರೆ ಅದರ ಗುರುತು. ರಾಬರ್ಟ್ ಕಾಖ್ ಕ್ಷಯಾಣುವನ್ನು ಕಂಡುಹಿಡಿದ ಸುದ್ದಿಯನ್ನು 1882ರ ಮಾರ್ಚ್ 24ರಂದು ಪ್ರಕಟಿಸಿದ್ದರೂ, ಅದನ್ನು ಕೊಲ್ಲುವ ಔಷಧಿ ದೊರೆತದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಶುದ್ಧ ಗಾಳಿ, ಹಾಲು, ಮೊಟ್ಟೆ ಮತ್ತು ವಿಶ್ರಾಂತಿಯೇ ಚಿಕಿತ್ಸೆ. ಕೂಲಿಯವರಿಗೆ ಇವುಗಳಲ್ಲಿ ಒಂದೂ ಸುಲಭವಾಗಿ ದೊರೆಯುವಂತಿರಲಿಲ್ಲ.

1956ರಲ್ಲಿ ಮದ್ರಾಸಿನಲ್ಲಿ ಒಂದು ಪ್ರಯೋಗ ಪ್ರಾರಂಭವಾಯಿತು. ವಾಲೆಸ್ ಫಾಕ್ಸ್ ಎಂಬ ವೈದ್ಯರ ನೇತೃತ್ವದಲ್ಲಿ 193 ಮಂದಿ ಕ್ಷಯರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪನ್ನು ಸ್ಯಾನಟೋರಿಯಂನಲ್ಲಿಯೂ ಮತ್ತೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ ಒಂದೇ ಔಷಧಿಗಳನ್ನು ಒಂದು ವರ್ಷ ಕಾಲ ನೀಡಲಾಯಿತು. ಮನೆಯಲ್ಲಿದ್ದವರಿಗೆ ಊಟ ಕಡಿಮೆ, ದುಡಿಮೆ ಹೆಚ್ಚು. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳ ಗುಣಮುಖತೆ ಬಹುತೇಕ ಸಮನಾಗಿತ್ತು. ಮನೆಯಲ್ಲಿಯೇ ಚಿಕಿತ್ಸೆ ಪಡೆದವರ ಕುಟುಂಬದವರಿಗೆ ಸೋಂಕಿನ ಅಪಾಯವೂ ಅಧಿಕಗೊಂಡಿರಲಿಲ್ಲ. ಇಂದು ರಾಮನಗರದ ಅಥವಾ ಕನಕಪುರದ ರೋಗಿಯೊಬ್ಬರು ಮನೆಯಲ್ಲಿಯೇ ಇದ್ದು ಮಾತ್ರೆ ಸೇವಿಸುತ್ತಿದ್ದರೆ, ಆ ಅನುಕೂಲದ ಹಿಂದೆ ಈ ಪ್ರಯೋಗವಿದೆ.

ತದನಂತರದ ಅಧ್ಯಾಯ ಬೆಂಗಳೂರಿನದು. ಕೇಂದ್ರ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್ ನೆರವಿನೊಂದಿಗೆ ಸ್ಥಾಪಿಸಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಅವರು 1960ರ ಸೆಪ್ಟೆಂಬರ್ 16ರಂದು ರಾಷ್ಟ್ರಕ್ಕೆ ಸಮರ್ಪಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡಾನ್ ಮಾಲರ್ ಆ ದಿನಗಳಲ್ಲಿ ಈ ಸಂಸ್ಥೆಯಲ್ಲಿ ಕಾರ್ಯನಿರ್ವಹಿಸಿದ್ದರು. ಸಂಸ್ಥೆಯ ತಂಡಗಳು ಎಕ್ಸ್-ರೇ ವಾಹನಗಳೊಂದಿಗೆ ಹಳ್ಳಿಗಳಿಗೆ ತೆರಳಿ ಮನೆ ಮನೆಯ ಜನರನ್ನು ಪಟ್ಟಿಮಾಡಿ ಪರೀಕ್ಷಿಸಿದವು. ನಗರದ ಕಾಯಿಲೆಯೆಂದು ಭಾವಿಸಲಾಗಿದ್ದ ಕ್ಷಯವು ಹಳ್ಳಿಗಳಲ್ಲಿಯೂ ಅಷ್ಟೇ ವ್ಯಾಪಕವಾಗಿರುವುದು ಕಂಡುಬಂದಿತು.

ಈ ಸಮೀಕ್ಷೆಯ ಬೆನ್ನಿಗೆ ನಡೆದ ಮತ್ತೊಂದು ಅಧ್ಯಯನವೇ ಇಲ್ಲಿ ಮುಖ್ಯವಾದುದು. ವೈದ್ಯರೂ ಸಮಾಜ ಅಧ್ಯಯನಕಾರರೂ ಆಗಿದ್ದ ದೇಬಬರ್ ಬ್ಯಾನರ್ಜಿ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗರನ್ನು ಸಂದರ್ಶಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯ ಜನರಿಗೆ ಕಾಯಿಲೆಯ ಅರಿವಿಲ್ಲ, ಅವರು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ, ಆದುದರಿಂದ ವಾಹನ ಕಳುಹಿಸಿ ಹುಡುಕಬೇಕು ಎಂಬುದು ಅಂದಿನ ತಜ್ಞರ ಅಭಿಪ್ರಾಯವಾಗಿತ್ತು. ಅಧ್ಯಯನದ ಫಲಿತಾಂಶ ಬೇರೆಯಾಗಿತ್ತು. ಕಫದಲ್ಲಿ ಕ್ಷಯಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ತೊಂದರೆ ಇರುವುದು ತಿಳಿದಿತ್ತು. ಬಹುಪಾಲು ಜನ ಅದರ ಬಗ್ಗೆ ಚಿಂತಿತರಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಈಗಾಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಅವರಿಗೆ ದೊರೆತದ್ದು ಮಾತ್ರ ಕೆಮ್ಮಿನ ಔಷಧಿಯ ಒಂದು ಬಾಟಲಿ.

ಅಂದರೆ ಲೋಪವಿದ್ದುದು ಜನರ ಅರಿವಿನಲ್ಲಿ ಅಲ್ಲ, ಚಿಕಿತ್ಸಾಲಯದ ಮೇಜಿನ ಮೇಲೆ. ರೋಗಿಯು ದಿನದ ಕೂಲಿ ಬಿಟ್ಟು, ಹಲವು ಮೈಲಿ ನಡೆದು ಬಂದು ಬಾಗಿಲಲ್ಲಿ ನಿಂತಿದ್ದರೂ ಯಾರೂ ಅವರ ಕಫವನ್ನು ಪರೀಕ್ಷಿಸಿರಲಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಜಮೆಯಾಗಬೇಕಾದ ಮೊತ್ತ ಕಚೇರಿಗೆ ಬಂದೂ ವಹಿಯಲ್ಲಿ ದಾಖಲಾಗದೆ ಹಿಂದಿರುಗಿದಂತಾಗಿತ್ತು. ಇದರ ಪರಿಣಾಮವಾಗಿ ಕ್ಷಯ ಪತ್ತೆಯ ಕೆಲಸವನ್ನು ಸ್ಯಾನಟೋರಿಯಂಗಳಿಂದ ಹೊರತಂದು ಸಾಮಾನ್ಯ ಆರೋಗ್ಯ ಕೇಂದ್ರಗಳಿಗೆ ಒಪ್ಪಿಸಬೇಕೆಂಬ ನೀತಿ ರೂಪುಗೊಂಡು, 1962ರಿಂದ ಪ್ರಾರಂಭವಾಗಿದ್ದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಕೆಮ್ಮಿನೊಂದಿಗೆ ಬಂದವರ ಕಫವನ್ನು ಹಳ್ಳಿಯ ಚಿಕಿತ್ಸಾಲಯದಲ್ಲಿಯೇ ಪರೀಕ್ಷಿಸಿದರೆ ಎಷ್ಟು ರೋಗಿಗಳು ಪತ್ತೆಯಾಗಬಹುದೆಂಬುದನ್ನು ಜಿ.ವಿ.ಜೆ. ಬೈಲಿ ಮತ್ತು ಸಂಗಡಿಗರು 1967ರಲ್ಲಿ ದಕ್ಷಿಣ ಭಾರತದ ಒಂದು ಜಿಲ್ಲೆಯ ಆಧಾರದ ಮೇಲೆ ತೋರಿಸಿಕೊಟ್ಟರು.

ಇದೇ ಸಂಸ್ಥೆಯ ಇನ್ನೊಂದು ಅಧ್ಯಯನವನ್ನು ಓದುವುದು ಸುಲಭವಲ್ಲ. 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಜನರನ್ನು ನಾಲ್ಕು ಬಾರಿ ಪರೀಕ್ಷಿಸಲಾಯಿತು. ವ್ಯವಸ್ಥಿತ ಚಿಕಿತ್ಸೆ ಇನ್ನೂ ಹಳ್ಳಿಗಳನ್ನು ತಲುಪಿರದ ಕಾಲವದು. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯಾಣು ಕಂಡುಬಂದಿದ್ದವರಲ್ಲಿ ಐದು ವರ್ಷಗಳ ನಂತರ ಸುಮಾರು ಅರ್ಧದಷ್ಟು ಮಂದಿ ಮೃತಪಟ್ಟಿದ್ದರು. ಹತ್ತಿರ ಹತ್ತಿರ ಮೂರನೇ ಒಂದು ಭಾಗದಷ್ಟು ಜನರಲ್ಲಿ ರೋಗಾಣು ತಾನಾಗಿ ಮರೆಯಾಗಿತ್ತು. ಉಳಿದವರು ಬದುಕಿದ್ದು, ಇನ್ನೂ ಸೋಂಕು ಹರಡುವ ಸ್ಥಿತಿಯಲ್ಲಿದ್ದರು. 1974ರಲ್ಲಿ ಪ್ರಕಟವಾದ ಈ ಅಂಕಿಗಳು ಚಿಕಿತ್ಸೆಯಿಲ್ಲದ ಕ್ಷಯದ ಗತಿಯನ್ನು ತಿಳಿಯಲು ವಿಶ್ವದಾದ್ಯಂತ ಉಲ್ಲೇಖಗೊಳ್ಳುತ್ತಾ ಬಂದಿವೆ. ಅಂಕಿಗಳ ಹಿಂದಿರುವವರು ಈ ಸೀಮೆಯ ರೈತರು, ಕೂಲಿಗಳು, ಗೃಹಿಣಿಯರು.

‘ಕೆಮ್ಮು ತಾನಾಗಿ ಕಡಿಮೆಯಾಯಿತು’ ಎಂಬ ಮಾತನ್ನು ತಜ್ಞರು ಏಕೆ ಸುಲಭವಾಗಿ ಒಪ್ಪುವುದಿಲ್ಲವೆಂಬುದಕ್ಕೆ ಕಾರಣ ಇಲ್ಲಿದೆ. ಚಿಕಿತ್ಸೆಯಿಲ್ಲದೆ ಚೇತರಿಸಿಕೊಂಡವರು ಇದ್ದರು ನಿಜ. ಆದರೆ ಯಾರು ಚೇತರಿಸಿಕೊಳ್ಳುತ್ತಾರೆ, ಯಾರು ಇಲ್ಲ ಎಂಬುದನ್ನು ಮುಂಚಿತವಾಗಿ ಹೇಳುವ ವಿಧಾನ ಯಾರ ಬಳಿಯೂ ಇರಲಿಲ್ಲ.

ಈಗಿನ ಚಿಕಿತ್ಸೆ

1997ರಲ್ಲಿ ಪರಿಷ್ಕೃತ ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮವು ಜಾರಿಗೆ ಬಂದು 2006ರ ವೇಳೆಗೆ ಇಡೀ ದೇಶಕ್ಕೆ ವಿಸ್ತರಿಸಿತು. 2020ರಿಂದ ಅದನ್ನು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮವೆಂದು ಕರೆಯಲಾಗುತ್ತಿದೆ. ಹಿಂದಿನ ದಿನ ಬಿಟ್ಟು ದಿನದ ಮಾತ್ರೆಗಳ ಬದಲು 2017ರಿಂದ ಪ್ರತಿದಿನವೂ ಮಾತ್ರೆ ನೀಡುವ ಪದ್ಧತಿ ಇದೆ. ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಮುಂದಿನ ನಾಲ್ಕು ತಿಂಗಳು ಮೂರು. ಈ ಚಿಕಿತ್ಸೆಯನ್ನು ಪ್ರಾರಂಭಿಸಲು ಎಲ್ಲ ಸಂದರ್ಭಗಳಲ್ಲಿಯೂ ಎದೆರೋಗ ತಜ್ಞರೇ ಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೇ ಪ್ರಾರಂಭಿಸುತ್ತಾರೆ.

ತಜ್ಞರ ಅವಶ್ಯಕತೆ ಬರುವುದು ಬೇರೆ ಸಂದರ್ಭಗಳಲ್ಲಿ. ಕಫದಲ್ಲಿ ರಕ್ತ ಹೆಚ್ಚಾಗಿ ಬೀಳುವುದು, ಎದೆಗೂಡಿನಲ್ಲಿ ನೀರು ತುಂಬಿರುವುದು, ಕಫ ಪರೀಕ್ಷೆಯಲ್ಲಿ ಏನೂ ಕಾಣದೆ ಕೆಮ್ಮು ಮತ್ತು ಜ್ವರ ಮುಂದುವರಿಯುವುದು, ಹಿಂದೊಮ್ಮೆ ಗುಣವಾಗಿದ್ದ ಕ್ಷಯ ಮರುಕಳಿಸಿರುವುದು, ಮಾತ್ರೆಯಿಂದ ಕಾಮಾಲೆ ಅಥವಾ ದೃಷ್ಟಿ ಮಂಜಾಗುವುದು, ಚಿಕ್ಕ ಮಕ್ಕಳಲ್ಲಿ ಕಾಯಿಲೆಯ ಸಂಶಯವಿರುವುದು ಇತ್ಯಾದಿ. ಔಷಧಿಗೆ ಬಗ್ಗದ ಕ್ಷಯವು ಪತ್ತೆಯಾದಲ್ಲಿ ತಜ್ಞರ ಮೇಲ್ವಿಚಾರಣೆ ಕಡ್ಡಾಯವಾಗಿ ಬೇಕು. ಇಂತಹ ರೋಗಿಗಳು ಹಿಂದೆ ಒಂದೂವರೆ, ಎರಡು ವರ್ಷಗಳವರೆಗೆ ಔಷಧಿ ಸೇವಿಸಬೇಕಾಗುತ್ತಿತ್ತು. ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್ ಹಾಗೂ ಮಾಕ್ಸಿಫ್ಲಾಕ್ಸಸಿನ್ ಔಷಧಿಗಳ ಆರು ತಿಂಗಳ ಪದ್ಧತಿಗೆ ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿದೆ. ಯಾರಿಗೆ ಇದು ಸೂಕ್ತವೆಂಬುದನ್ನು ತಜ್ಞರೇ ನಿರ್ಧರಿಸತಕ್ಕದ್ದು.

ಮಧುಮೇಹವುಳ್ಳವರಿಗೆ ಕ್ಷಯದ ಅಪಾಯ ಹೆಚ್ಚಿರುವುದರಿಂದ, ಕ್ಷಯವೆಂದು ಗೊತ್ತಾದ ಪ್ರತಿಯೊಬ್ಬರಿಗೂ ರಕ್ತದ ಸಕ್ಕರೆ ಹಾಗೂ ಎಚ್.ಐ.ವಿ. ಪರೀಕ್ಷೆಯನ್ನು ಮಾಡಲಾಗುತ್ತದೆ. ಇದರಿಂದ ಯಾರೂ ಅಪಮಾನಪಡಬೇಕಾಗಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ. ಮನೆಯ ಇತರ ಸದಸ್ಯರನ್ನು ಪರೀಕ್ಷಿಸಿ, ಕಾಯಿಲೆ ಇಲ್ಲವೆಂದು ಖಚಿತವಾದ ನಂತರ ಅರ್ಹರಿಗೆ ಮುನ್ನೆಚ್ಚರಿಕೆಯ ಔಷಧಿ ನೀಡುವ ವ್ಯವಸ್ಥೆಯೂ ಇದೆ.

ಸೇವೆ ಪಡೆಯುವ ವಿಧಾನ

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಮ್ಮು ಇರುವವರು ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಚನ್ನಪಟ್ಟಣ, ಕನಕಪುರ, ಮಾಗಡಿಯ ಸಾರ್ವಜನಿಕ ಆಸ್ಪತ್ರೆಗೆ, ರಾಮನಗರದವರು ಜಿಲ್ಲಾ ಆಸ್ಪತ್ರೆಗೆ ಹಾಜರಾಗತಕ್ಕದ್ದು. ಆಶಾ ಕಾರ್ಯಕರ್ತೆಯರ ಮುಖಾಂತರವೂ ಕಫದ ಡಬ್ಬಿ ಪಡೆಯಬಹುದು. ಪರೀಕ್ಷೆ ಮತ್ತು ಔಷಧಿ ಎರಡೂ ಉಚಿತವಾಗಿದ್ದು, ಪಡಿತರ ಚೀಟಿಯ ಬಣ್ಣವನ್ನು ಇದಕ್ಕೆ ಪರಿಗಣಿಸುವುದಿಲ್ಲ. ತಜ್ಞರ ಅಗತ್ಯ ಕಂಡುಬಂದಲ್ಲಿ ವೈದ್ಯಾಧಿಕಾರಿಗಳು ಶಿಫಾರಸು ಪತ್ರ ನೀಡುತ್ತಾರೆ. ಬೆಂಗಳೂರಿನಲ್ಲಿ ಎಸ್.ಡಿ.ಎಸ್. ಕ್ಷಯರೋಗ ಸಂಶೋಧನಾ ಕೇಂದ್ರ ಮತ್ತು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯು ಈ ವಿಭಾಗಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆಯಾಗಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬೇರೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗುವುದರಿಂದ ಪತ್ರವಿಲ್ಲದೆ ಹೊರಡುವುದು ಸೂಕ್ತವಲ್ಲ.

ತಜ್ಞರ ಬಳಿ ಹೋಗುವಾಗ ಹಳೆಯ ಎಕ್ಸ್-ರೇ ಚಿತ್ರಗಳನ್ನು, ಅವು ಎಷ್ಟೇ ಹಳೆಯದಾಗಿದ್ದರೂ, ತಪ್ಪದೆ ಕೊಂಡೊಯ್ಯತಕ್ಕದ್ದು. ಹತ್ತು ವರ್ಷಗಳ ಹಿಂದಿನ ಕಲೆಯೋ ಹೊಸ ಸೋಂಕೋ ಎಂಬುದು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ತಿಳಿಯುವ ಸಂದರ್ಭಗಳಿವೆ. ಹಿಂದೆ ಸೇವಿಸಿದ ಮಾತ್ರೆಗಳ ಖಾಲಿ ಹಾಳೆಗಳು, ಚೀಟಿಗಳು ಇದ್ದಲ್ಲಿ ಅವೂ ಬೇಕು. ಮಧ್ಯದಲ್ಲಿ ಮಾತ್ರೆ ಬಿಟ್ಟಿದ್ದರೆ ಅದನ್ನು ಮರೆಮಾಚಬಾರದು. ಔಷಧಿಗೆ ಬಗ್ಗದ ಕ್ಷಯವನ್ನು ತಜ್ಞರು ಸಂಶಯಿಸುವುದು ಈ ಮಾಹಿತಿಯಿಂದಲೇ.

ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರೂ ಸರ್ಕಾರದ ಸೌಲಭ್ಯಗಳಿಂದ ಹೊರಗುಳಿಯುವುದಿಲ್ಲ. 2012ರ ಮೇ ತಿಂಗಳಿನಿಂದ ಪ್ರತಿಯೊಂದು ಕ್ಷಯ ಪ್ರಕರಣವನ್ನೂ ಖಾಸಗಿ ವೈದ್ಯರು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಗಿದ್ದು, ವಿವರಗಳು ನಿಕ್ಷಯ್ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಇಲ್ಲಿ ದಾಖಲಾದ ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ಸಹಾಯಧನ ದೊರೆಯುತ್ತದೆ. 2018ರ ಏಪ್ರಿಲ್‌ನಿಂದ ತಿಂಗಳಿಗೆ ರೂ. 500 ಇದ್ದ ಈ ಮೊತ್ತವನ್ನು 2024ರ ನವೆಂಬರ್ 1ರಿಂದ ರೂ. 1,000ಕ್ಕೆ ಏರಿಸಲಾಗಿದೆ. ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಆಧಾರ್ ಪ್ರತಿ ಮತ್ತು ಚಾಲ್ತಿಯಲ್ಲಿರುವ ಖಾತೆಯ ಪಾಸ್‌ಪುಸ್ತಕವನ್ನು ಚಿಕಿತ್ಸೆ ಪ್ರಾರಂಭವಾಗುವಾಗಲೇ ಒದಗಿಸುವುದು. ಬಹುಕಾಲ ವ್ಯವಹಾರ ನಡೆಸದೆ ಸ್ಥಗಿತಗೊಂಡ ಖಾತೆಯ ಸಂಖ್ಯೆ ನೀಡಿದರೆ ಮೊತ್ತ ಕೈಸೇರುವುದಿಲ್ಲ. ಹಣ ವಿಳಂಬವಾಯಿತೆಂಬ ಕಾರಣಕ್ಕೆ ಮಾತ್ರೆ ನಿಲ್ಲಿಸುವುದು ಬೇಡ. ಎರಡೂ ಬೇರೆ ಬೇರೆ ವಿಷಯಗಳು.

ಬಿಡದಿಯ ಕೈಗಾರಿಕಾ ಪ್ರದೇಶ ಮುಂತಾದೆಡೆ ಕೆಲಸ ಮಾಡುವ, ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟವರು ಇನ್ನೊಂದು ಸೌಲಭ್ಯವನ್ನು ತಿಳಿದಿರಬೇಕು. ಸಾಮಾನ್ಯ ಕಾಯಿಲೆಯ ಭತ್ಯೆಯ ಅವಧಿಯಾದ 91 ದಿನಗಳು ಮುಗಿದ ಬಳಿಕ, ನಿಗದಿತ ಅವಧಿಯ ಸೇವೆ ಮತ್ತು ವಂತಿಗೆ ಪೂರೈಸಿದವರಿಗೆ ಕ್ಷಯವೂ ಸೇರಿದಂತೆ 34 ದೀರ್ಘಕಾಲೀನ ಕಾಯಿಲೆಗಳಿಗೆ ವೇತನದ ಶೇ. 80ರ ದರದಲ್ಲಿ ವಿಸ್ತೃತ ಭತ್ಯೆ ದೊರೆಯುತ್ತದೆ. ಕೆಲಸ ಹೋದೀತೆಂಬ ಭಯದಿಂದ ಕಾಯಿಲೆಯನ್ನು ಬಚ್ಚಿಟ್ಟುಕೊಂಡು ಯಂತ್ರದ ಮುಂದೆ ನಿಲ್ಲುವವರಿಗೆ ಈ ನಿಯಮದ ಬಗ್ಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಸಂಬಂಧಿಸಿದ ವಿಮಾ ಚಿಕಿತ್ಸಾಲಯದ ವೈದ್ಯರ ಪ್ರಮಾಣಪತ್ರದೊಂದಿಗೆ ಶಾಖಾ ಕಚೇರಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ಕಫದ ಮಾದರಿಯನ್ನು ಕೊಡುವಾಗಲೂ ಒಂದು ಕ್ರಮವಿದೆ. ಬಾಯಿಯನ್ನು ನೀರಿನಿಂದ ಮುಕ್ಕಳಿಸಿ, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನು ಡಬ್ಬಿಗೆ ಹಾಕತಕ್ಕದ್ದು. ಎಂಜಲು ಪರೀಕ್ಷೆಗೆ ಬರುವುದಿಲ್ಲ. ಸಾಮಾನ್ಯವಾಗಿ ಎರಡು ಮಾದರಿಗಳನ್ನು ಪಡೆಯಲಾಗುತ್ತದೆ. ಅವುಗಳಲ್ಲಿ ಒಂದು ಬೆಳಗ್ಗೆ ಎದ್ದ ಕೂಡಲೇ ತೆಗೆದದ್ದಾದರೆ ಉತ್ತಮ. ಮನೆಯೊಳಗೆ ಅಥವಾ ಕೊಠಡಿಯೊಳಗೆ ಕೆಮ್ಮದೆ, ಗಾಳಿಯಾಡುವ ಬಯಲಿನಲ್ಲಿ ನಿಂತು ಮಾದರಿ ತೆಗೆಯಬೇಕು. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಹೆಸರು ಸರಿಯಾಗಿ ಬರೆಯಲಾಗಿದೆಯೇ ಎಂದು ನೋಡಿ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಲುಪಿಸುವುದು.

ಎರಡು ವಾರ ಮೀರಿದ ಕೆಮ್ಮಿಗೆ ಪರೀಕ್ಷೆಯಿಲ್ಲದೆ ಕೇವಲ ಔಷಧಿಯ ಬಾಟಲಿಯನ್ನು ನೀಡಿ ಕಳುಹಿಸಿದಲ್ಲಿ, ಕಫ ಪರೀಕ್ಷೆಗೆ ಬರೆದುಕೊಡುವಂತೆ ಕೇಳುವುದು ನಾಗರಿಕರ ಹಕ್ಕಾಗಿರುತ್ತದೆ. ಹೆಚ್ಚಿನ ಮಾಹಿತಿಗಾಗಿ ಆರೋಗ್ಯ ಸಹಾಯವಾಣಿ 104 ಅಥವಾ ಕ್ಷಯರೋಗದ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಬಹುದು, ಇಲ್ಲವೇ ಜಿಲ್ಲಾ ಕ್ಷಯರೋಗ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.